ಯುಟಿಲಿಟಿಗೆ ಗಾಜು ಹಾಕಿಸುವ ಮುಂಚೆ

ಅಕ್ಕಾ, ನಿಮ್ಮ ಫೋಟೊ, ಅಳತೆ ಎರಡೂ ನೋಡಿದೆ. ಅಡುಗೆಮನೆ ಹಿಂದೆ 4 ಅಡಿ ಅಗಲ, 8 ಅಡಿ ಉದ್ದದ ಯುಟಿಲಿಟಿ (ಒಗೆಯೋ, ತೊಳೆಯೋ ಜಾಗ), ಉದ್ದಕ್ಕೂ ಒಂದು ಕಡೆ ಗ್ರಿಲ್, ಸಿಲಿಂಡರ್ ಅಲ್ಲೇ, ಬೋರ್ ನೀರು, ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಇನ್ನೂ ಬರಬೇಕು. ಇಂಟೀರಿಯರ್‌ನವರು ಗ್ರಿಲ್ಲಿಗೆ ಗಾಜು ಹಾಕಿ ಮುಚ್ಚಿ, ಒಗೆಯೋ ಕಲ್ಲು ಒಡೆಸಿ, ಸುತ್ತ ಕಪಾಟು ಮಾಡಿ ‘ಲಾಂಡ್ರಿ ರೂಮ್’ ಮಾಡಿಕೊಡ್ತೀವಿ ಅಂದಿದ್ದಾರೆ. ಅತ್ತೆಯವರು ಕಲ್ಲು ಬೇಕೇ ಬೇಕು ಅಂತಿದ್ದಾರೆ. ಮೇಲಿನ ಕಾಮೆಂಟುಗಳಲ್ಲಿ ಎಲ್ಲರೂ ಬಣ್ಣ, ಟೈಲ್ಸ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಗಾಜಿನಿಂದ ಶುರು ಮಾಡ್ತೀನಿ. ದಯವಿಟ್ಟು ಅದನ್ನು ಹಾಕಿಸಬೇಡಿ.

ಮೊದಲನೇ ಕಾರಣ ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತೆ. ಈಗ ಗ್ರಿಲ್ ಕೆಳಗಿನಿಂದ ಆಚೆ ಹೋಗೋಕೆ ದಾರಿ ಇದೆ. ಗಾಜು ಬಂದರೆ ಅದೇ ಜಾಗದಲ್ಲಿ ಗ್ಯಾಸು, ಮಷಿನ್ ಸ್ವಿಚ್ಚು ಎರಡೂ ಒಟ್ಟಿಗೆ. ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್ ಇಟ್ಟರೆ ಆಯ್ತಲ್ಲ ಅಂತಾರೆ, ನೆಲದ ಹತ್ತಿರ ನಿಂತ ಗ್ಯಾಸಿಗೆ ಅದನ್ನು ನಂಬೋ ಹಾಗಿಲ್ಲ. ಮುಂದೆ ಯಾವತ್ತಾದರೂ ಅಲ್ಲಿ ಗ್ಯಾಸ್ ಗೀಸರ್ ಹಾಕಿಸೋ ಯೋಚನೆ ಇದ್ದರಂತೂ ಗಾಜಿನ ಮಾತೇ ಎತ್ತಬೇಡಿ. ಮುಚ್ಚಿದ ಜಾಗದಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಸೇರುತ್ತೆ, ಅದಕ್ಕೆ ವಾಸನೆಯೇ ಇಲ್ಲ.

ಎರಡನೇದು ಬಟ್ಟೆಯ ನೀರು. ಮಷಿನ್ ನಿಮಿಷಕ್ಕೆ 1200 ಸುತ್ತಿನಲ್ಲಿ ಹಿಂಡಿದ ಮೇಲೂ ಹತ್ತಿ ಬಟ್ಟೆಯಲ್ಲಿ ಅದರ ಒಣ ತೂಕದ ಸುಮಾರು ಅರ್ಧದಷ್ಟು ನೀರು ಉಳಿದಿರುತ್ತೆ. 6 ಕೆ.ಜಿ. ಬಟ್ಟೆ ಹರವಿದಿರಿ ಅಂದ್ರೆ ಹತ್ತಿರ ಹತ್ತಿರ 3 ಲೀಟರ್ ನೀರು ಆ ಪುಟ್ಟ ಜಾಗದ ಗಾಳಿಗೆ ಸೇರಬೇಕು. ಗ್ರಿಲ್ ತೆರೆದಿದ್ದರೆ ಆಚೆ ಹೋಗುತ್ತೆ. ಮುಚ್ಚಿದ್ದರೆ ಗೋಡೆಗೆ, ಕಪಾಟಿನ ಒಳಗೆ, ಕೊನೆಗೆ ಅಡುಗೆಮನೆ ಬೇಳೆ ಡಬ್ಬದ ಶೆಲ್ಫಿಗೆ. ಆಷಾಢದಲ್ಲಿ ಬೂಷ್ಟು ಬರೋದು ಹೀಗೇ.

ಮಳೆ ಎರಚಲು, ಪಾರಿವಾಳ ಎರಡಕ್ಕೂ ಬೇರೆ ದಾರಿ ಇದೆ. ಗ್ರಿಲ್ಲಿಗೆ ಒಳಗಿನಿಂದ ಪಾರಿವಾಳದ ಬಲೆ, ಹೊರಗೆ ಸಜ್ಜಾ ಚಿಕ್ಕದಿದ್ದರೆ ಪಾಲಿಕಾರ್ಬೊನೇಟ್ ಶೀಟಿನ ಸಣ್ಣ ಮಾಡು, ಜೋರು ಮಳೆಗೆ ಮಾತ್ರ ಇಳಿಸಿ ಆಮೇಲೆ ಸುತ್ತಿಡೋ ಪರದೆ. ಹೊರಗಿನ ಕೆಲಸಕ್ಕೆ ಅಸೋಸಿಯೇಷನ್‌ನವರನ್ನು ಮೊದಲೇ ಕೇಳಿಬಿಡಿ. ಮುಚ್ಚಲೇಬೇಕು ಅಂತ ಮನೆಯಲ್ಲಿ ಹಟ ಇದ್ದರೆ ಗಾಳಿ ಆಡೋ ಓರೆ ಪಟ್ಟಿಗಳ ಅಲ್ಯೂಮಿನಿಯಂ ಲೌವರ್ ಹಾಕಿಸಿ, ಆದರೆ ನೆಲದಿಂದ ಒಂದಡಿ ಬರೀ ಜಾಲಿ ಇರಲಿ.

ಈಗ ಮಷಿನ್ ಜಾಗ. ಫೋಟೊದಲ್ಲಿ ಉದ್ದ ಗೋಡೆಗೆ ಸಾಲಾಗಿ ಇಡೋ ಪ್ಲಾನ್ ಇದೆ, ಅಲ್ಲಿ ಬೇಡ. ಫ್ರಂಟ್ ಲೋಡ್ 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ. ಆಳ ಮಾಡೆಲ್ ನೋಡಿಕೊಂಡು 45ರಿಂದ 60 ಸೆಂ.ಮೀ. ದಾಟೋವರೆಗೂ ಇರುತ್ತೆ, ಹಿಂದೆ ಪೈಪಿಗೆ ಇನ್ನೊಂದು 10 ಸೆಂ.ಮೀ. ಬೇಕು. 4 ಅಡಿಯಲ್ಲಿ ಅಂದರೆ 120ರಲ್ಲಿ 70 ಹೋದರೆ ಉಳಿದದ್ದು 50. ಬಾಗಿಲು ತೆಗೆದ ಮೇಲೆ ನೀವು ಎಲ್ಲಿ ನಿಲ್ತೀರಿ? 4 ಅಡಿಯ ಗೋಡೆಗೆ ಬೆನ್ನು ಮಾಡಿ, ಉದ್ದಕ್ಕೆ ಮುಖ ಮಾಡಿ ಇಡಿ. ಪಕ್ಕದಲ್ಲಿ ಇನ್ನೂ 2 ಅಡಿ ಸಿಗುತ್ತೆ, ಅಲ್ಲಿ ಪೊರಕೆ, ಮಾಪ್, ಕೊಳೆ ಬಟ್ಟೆ ಬುಟ್ಟಿ. ಎದುರು ತುದಿಯಲ್ಲಿ ಕಲ್ಲು ಇದ್ದಲ್ಲೇ ಇರಲಿ. ಸಿಲಿಂಡರ್ ಅಡುಗೆಮನೆ ಬಾಗಿಲ ಪಕ್ಕ, ಮಷಿನ್ ಸ್ವಿಚ್ಚಿನಿಂದ ದೂರ.

ಮಷಿನ್ ಮೇಲೆ ಗ್ರಾನೈಟ್ ಸ್ಲ್ಯಾಬ್ ಕೂರಿಸೋದಾದರೆ ಅಡುಗೆಮನೆ ಕಟ್ಟೆಯ ಎತ್ತರಕ್ಕೇ ಎಳೀತಾರೆ, ಬಿಡಬೇಡಿ. 85 ಸೆಂ.ಮೀ. ಅಂದರೆ 33 ಇಂಚು ದಾಟುತ್ತೆ. ಸ್ಲ್ಯಾಬಿನ ಅಡಿಗೆ 35 ಇಂಚಾದರೂ ಖಾಲಿ ಬೇಕು. ಮಷಿನ್ ಕೆಳಗೆ ಗಟ್ಟಿ ಕಾಂಕ್ರೀಟಿನ 3-4 ಇಂಚು ಕಟ್ಟೆ ಮಾಡಿಸಿದರೆ ಆ ಲೆಕ್ಕವನ್ನೂ ಸೇರಿಸಿ. ಕಟ್ಟೆ ಒಳ್ಳೇದೇ, ನೆಲ ತೊಳೆದ ನೀರು ತಳಕ್ಕೆ ನುಗ್ಗಲ್ಲ. ಚಕ್ರದ ಸ್ಟ್ಯಾಂಡ್ ಮಾತ್ರ ಬೇಡ, ಹಿಂಡುವಾಗ ಮಷಿನ್ ಊರೆಲ್ಲ ಸುತ್ತುತ್ತೆ. ಡ್ರಮ್ ಅಲುಗದಿರಲಿ ಅಂತ ಕಂಪನಿಯವರು ಹಿಂಭಾಗದಲ್ಲಿ ಹಾಕಿರೋ ಸಾಗಾಣಿಕೆ ಬೋಲ್ಟ್‌ಗಳನ್ನು ಬಿಚ್ಚಿದ್ದಾರಾ ಅಂತ ನಿಂತು ನೋಡಿ. ತಳಕ್ಕೆ ಇಲಿ ಜಾಲಿ ಹಾಕಿಸಿ, ವೈರು ಕಡಿಯೋದು ನಮ್ಮ ಕಡೆ ಮಾಮೂಲಿ.

ಪ್ಲಂಬರ್‌ಗೆ ಹೇಳಬೇಕಾದ್ದು: ಮಷಿನ್ ಡ್ರೈನ್ ಪೈಪನ್ನು ನೆಲದ ನಹಾನಿ ಟ್ರ್ಯಾಪಿಗೆ (ನೀರು ಹೋಗೋ ಕಿಂಡಿಗೆ) ಸುಮ್ಮನೆ ಇಳಿಬಿಟ್ಟು ಹೋಗಬಾರದು. ಹಾಗೆ ಮಾಡಿದರೆ ಒಂದು ಕಡೆ ನೀರು ತುಂಬುತ್ತಾ ಇನ್ನೊಂದು ಕಡೆ ತಾನಾಗೇ ಎಳೆದುಕೊಂಡು ಹೋಗುತ್ತೆ. ಮಷಿನ್ ಕೆಟ್ಟಿದೆ ಅಂತ ಕಂಪ್ಲೇಂಟ್ ಕೊಡೋ ಎಷ್ಟೋ ಮನೆಗಳಲ್ಲಿ ವಿಷಯ ಇಷ್ಟೇ. ಗೋಡೆಯಲ್ಲಿ ಒಂದೂವರೆ ಇಂಚಿನ ಪೈಪ್ ನಿಲ್ಲಿಸಿ, ಹೋಸ್ ಬಾಯಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿ ಅದರೊಳಗೆ ಇಳಿಯಲಿ, ಗಾಳಿ ಆಡೋಕೆ ಸಂದಿ ಬೇಕು, ಅದಕ್ಕೆ ಸಿಲಿಕಾನ್ ಮೆತ್ತಬಾರದು. ನಲ್ಲಿ ಮಷಿನ್ ಹಿಂದೆ ಬೇಡ, ಕೈಗೆ ಸಿಗೋ ಹಾಗೆ ಪಕ್ಕದಲ್ಲಿ ಇರಲಿ. ಊರಿಗೆ ಹೊರಟಾಗ ಮುಚ್ಚೋಕೆ ಸುಲಭ. ನೀವು ಮೇಲಿನ ಮಹಡಿ ಅಂದಿದ್ದೀರಿ. ಟ್ಯಾಂಕ್ ತಲೆ ಮೇಲೇ ಇದ್ದರೆ ಪ್ರೆಷರ್ ಸಾಲದೇ ಹೋಗಬಹುದು. ಕೆಲವು ಮಾಡೆಲ್ ಕೇಳೋದು ಕನಿಷ್ಠ 0.3 ಬಾರ್, ಅಂದರೆ ನಲ್ಲಿಗಿಂತ 3 ಮೀಟರ್ ಎತ್ತರದ ನೀರು. ಕೊಳ್ಳೋ ಮುಂಚೆ ಮಾಡೆಲ್‌ನ ಪುಸ್ತಕ ನೋಡಿ.

ಕರೆಂಟಿಗೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಬೇರೆಯೇ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗೇ ಬೀಳೋ ಸ್ವಿಚ್ಚು), ಕರೆಂಟ್ ಸೋರಿದರೆ ಕಡಿದುಹಾಕೋ 30 ಮಿಲಿಆಂಪಿಯರ್ ಆರ್‌ಸಿಸಿಬಿ. ನೀರು ಕಾಯಿಸೋ ಮಷಿನ್ 2000 ವಾಟ್ ಎಳೆಯುತ್ತೆ, ಎಕ್ಸ್‌ಟೆನ್ಷನ್ ಬಾಕ್ಸ್ ಕೂಡದು.

ಕಲ್ಲಿನ ವಿಷಯದಲ್ಲಿ ನಾನು ನಿಮ್ಮ ಅತ್ತೆ ಪಕ್ಷ. ಕಾಲೊರಸು, ಕಾಲರ್ ಕೊಳೆ, ಬಣ್ಣ ಬಿಡೋ ಹೊಸ ಇಳಕಲ್ ಸೀರೆ, ಇವಕ್ಕೆಲ್ಲ ಮಷಿನ್‌ಗಿಂತ ಕಲ್ಲೇ ವಾಸಿ. ಈಗಿರೋದು ತಗ್ಗು ಅನ್ನಿಸಿದರೆ ಎರಡೂವರೆ ಅಡಿಗೆ ಎತ್ತರಿಸಿ, ಅವರು ಬಗ್ಗೋದು ತಪ್ಪುತ್ತೆ, ಅಡಿಯಲ್ಲಿ ಬಕೆಟ್ ಕೂರುತ್ತೆ. ಅವರ ಮಡಿ ಬಟ್ಟೆ ಬೇರೆ ಹರವಬೇಕು ಅಂದಿದ್ದಿರಲ್ಲ, ಅದೂ ಕಷ್ಟವಿಲ್ಲ. ಹಳೇ ಮನೆಗಳ ಗಳುವಿನದೇ ಕೆಲಸ ಹಗ್ಗ ಎಳೆದು ಮೇಲೆ ಕೆಳಗೆ ಮಾಡೋ ಈಗಿನ ಪುಲ್ಲಿ ಹ್ಯಾಂಗರ್ ಮಾಡುತ್ತೆ. ಆರು ಪೈಪಿನ ಸೆಟ್ ತಗೊಂಡು ಗೋಡೆ ಕಡೆಯ ಒಂದು ಪೈಪ್ ಅವರಿಗೇ ಬಿಟ್ಟುಬಿಡಿ, ಪ್ರತಿಯೊಂದಕ್ಕೂ ಬೇರೆ ಹಗ್ಗ ಇರುತ್ತೆ. ಉದ್ದ 6 ಅಡಿ ಇರಲಿ. ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ, ಮೂರು ಮಡಿಕೆಗೆ ಸರಿಯಾಗಿ ಕೂರುತ್ತೆ. 4 ಅಡಿ ಪೈಪ್ ತಂದವರು ಸೀರೆಯನ್ನು ಮುದ್ದೆ ಮಾಡಿ ನೇತುಹಾಕ್ತಾರೆ, ಒಳಗೆ ಒಣಗದೆ ಮುಗ್ಗಲು ವಾಸನೆ. ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲ್ 304 ಅಂತ ಕೇಳಿ ತಗೊಳ್ಳಿ. ಬೋಲ್ಟು ಆರ್‌ಸಿಸಿ ಸ್ಲ್ಯಾಬಿಗೇ ಬೀಳಬೇಕು, ಪಿಒಪಿ ಸೀಲಿಂಗ್ ಆ ತೂಕ ಹೊರಲ್ಲ. ಹಾಗಾಗಿ ಯುಟಿಲಿಟಿಗೆ ಫಾಲ್ಸ್ ಸೀಲಿಂಗ್ ಬೇಡವೇ ಬೇಡ.

ಕಪಾಟು ಕಡಿಮೆ ಮಾಡಿದಷ್ಟೂ ಒಳ್ಳೇದು. ನಾನಾದರೆ ಕಡಪ ಕಲ್ಲಿನ ತೆರೆದ ಶೆಲ್ಫ್ ಎರಡು, ಮೇಲೆ ಒಂದೇ ಒಂದು ಮುಚ್ಚಿದ ಪೆಟ್ಟಿಗೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಲ್ಲಿ ಉಬ್ಬುತ್ತೆ. ಪ್ಲೈವುಡ್ಡೇ ಆದರೆ 710 ಗ್ರೇಡ್, ಅಂದರೆ ನೀರು ತಡೆಯೋ ಮರೀನ್ ಪ್ಲೈ. ಬರೀ ತೇವ ತಡೆಯೋ 303 ಎಂಆರ್ ತೋರಿಸಿ ‘ಇದೂ ವಾಟರ್‌ಪ್ರೂಫೇ’ ಅಂದರೆ ನಂಬಬೇಡಿ. ಏನೇ ಮಾಡಿಸಿದರೂ ನೆಲದಿಂದ ಅರ್ಧ ಅಡಿ ಮೇಲಿರಲಿ. ಫೋಟೊದಲ್ಲಿರೋ ಬೆತ್ತದ ಬುಟ್ಟಿ ಚೆಂದ, ಆದರೆ ಅಲ್ಲಿ ಬೂಷ್ಟು ಹಿಡಿಯುತ್ತೆ, ಹಾಲ್‌ನಲ್ಲಿ ಇಟ್ಕೊಳ್ಳಿ. ಇಲ್ಲಿಗೆ ತೂತಿರೋ ಪ್ಲಾಸ್ಟಿಕ್ ಅಥವಾ ಸ್ಟೀಲ್ ತಂತಿಯದು.

ಬೋರ್ ನೀರಿಗೆ ಇಷ್ಟು ಮಾಡಿ. ಗಡಸು ನೀರಲ್ಲಿ ಹೀಟರ್ ಮೇಲೆ ಸುಣ್ಣ ಕಟ್ಟುತ್ತೆ, ಸೋಪು ಬಟ್ಟೆಯಲ್ಲೇ ಉಳಿದು ಒರಟಾಗುತ್ತೆ. ಆಗಾಗ ಖಾಲಿ ಮಷಿನ್ನಿಗೆ ಸಿಟ್ರಿಕ್ ಆಸಿಡ್ ಅಥವಾ ಡಿಸ್ಕೇಲಿಂಗ್ ಪುಡಿ ಹಾಕಿ ಬಿಸಿನೀರಲ್ಲಿ ಓಡಿಸಿ. ಅದರ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಒಗೆದಾದ ಮೇಲೆ ಬಾಗಿಲ ರಬ್ಬರ್ ಒರೆಸಿ ಬಾಗಿಲು ಸ್ವಲ್ಪ ತೆರೆದಿಡಿ.

ಇನ್ನು ಅಲಂಕಾರ. ರೆಡ್ ಆಕ್ಸೈಡ್ ನೆಲ ನನಗೂ ಪ್ರಾಣ, ಆದರೆ ಸೋಪಿನ ನೀರಿಗೆ ಜಾರುತ್ತೆ, ಅತ್ತೆಯವರು ಓಡಾಡೋ ಜಾಗ. ಮ್ಯಾಟ್ ಟೈಲ್ಸ್ ಹಾಕಿಸಿ, 8 ಅಡಿ ಉದ್ದಕ್ಕೆ ಒಂದೂಕಾಲು ಇಂಚು ಇಳಿಜಾರು ನಹಾನಿ ಕಡೆಗೆ, ನೆಲ ಅಡುಗೆಮನೆಗಿಂತ ತಗ್ಗಿರಲಿ. ನೀವು ಇಷ್ಟಪಟ್ಟ ನೀಲಿ ಚಿತ್ತಾರದ ಟೈಲ್ಸ್ ಕಲ್ಲಿನ ಹಿಂದಿನ ಗೋಡೆಗೆ ಮಾತ್ರ, ಉಳಿದದ್ದು ತಿಳಿ ಬಣ್ಣ. ಗ್ರಿಲ್ಲಿಗೆ ಮನಿ ಪ್ಲಾಂಟ್ ಹಬ್ಬಿಸಿ, ಗಾಳಿ ಬರೋ ಕಡೆ ಪೊದೆ ಮಾಡಬೇಡಿ. ಲೈಟು ಬಿಳಿಯದೇ ಇರಲಿ. ಹಳದಿ ಬೆಳಕಲ್ಲಿ ಅರಿಶಿನದ ಕಲೆ ಕಾಣಲ್ಲ.

ಮಷಿನ್ ಬುಕ್ ಮಾಡೋ ಮುಂಚೆ ಅಡುಗೆಮನೆ ಬಾಗಿಲಿನ ಅಗಲ ಅಳೆದು ಇಲ್ಲಿ ಹಾಕಿ, ಬಾಗಿಲು ಯಾವ ಕಡೆ ತೆರೆಯುತ್ತೆ ಅಂತಲೂ ಹೇಳಿ. ಅದು ಮಷಿನ್ ಬಾಗಿಲಿಗೆ ಡಿಕ್ಕಿ ಹೊಡೆಯೋ ಹಾಗಿದ್ದರೆ ಸ್ಲೈಡಿಂಗ್ ಮಾಡಿಸಬೇಕಾಗುತ್ತೆ, ಅದನ್ನು ಟೈಲ್ಸ್ ಕೆಲಸಕ್ಕಿಂತ ಮೊದಲೇ ಮುಗಿಸಬೇಕು.