ಕಣ್ಣೊಳಗೆ ಗ್ಯಾಸ್, ಎದುರಿಗೆ ಘಾಟಿ: ರೆಟಿನಾ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಅಪ್ಪನಿಗೆ 64 ವರ್ಷ. ಎಡಗಣ್ಣಿನ ಪರದೆ (ರೆಟಿನಾ) ಕಳಚಿಕೊಂಡಿದೆ ಎಂದು ಮಂಗಳೂರಿನಲ್ಲಿ ಆಪರೇಷನ್ ಮಾಡಿ, ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ವಿಮಾನದಲ್ಲಿ ಹೋಗಬಾರದು ಎಂದು ಚೀಟಿಯಲ್ಲಿ ಬರೆದಿದೆ. ಕಾರಿನಲ್ಲಿ ಮನೆಗೆ ಕರೆತರಬಹುದಲ್ಲವೇ?
– ಮಡಿಕೇರಿಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ವಿಮಾನಕ್ಕೆ ಹೇಳಿದ ಮಾತು ನಮ್ಮ ಘಾಟಿಗೂ ಸಲ್ಲುತ್ತದೆ. ಕರಾವಳಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಮಡಿಕೇರಿ ತಲುಪುವಷ್ಟರಲ್ಲಿ ಉಬ್ಬಿ ಬಿಗಿಯಾಗಿರುವುದನ್ನು ನೀವು ನೋಡಿಯೇ ಇರುತ್ತೀರಿ. ಕಣ್ಣೊಳಗಿನ ಗ್ಯಾಸ್‌ಗೂ ಅದೇ ಆಗುತ್ತದೆ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಷ್ಟು ಏರಿದಾಗ ಹೊರಗಿನ ಗಾಳಿಯ ಒತ್ತಡ ತಗ್ಗಿ, ಗ್ಯಾಸ್ ನೂರಕ್ಕೆ 15ರಷ್ಟು ಹಿಗ್ಗುತ್ತದೆ.

15 ಎಂದರೆ ಅಲ್ಪ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಕಣ್ಣಿನ ಹಿಂಭಾಗದ ಪೊಳ್ಳು ಹಿಡಿಸುವುದೇ 4 ಮಿಲಿಲೀಟರ್. ಅದರಲ್ಲಿ ಅರ್ಧದಷ್ಟು ಗ್ಯಾಸ್ ಇದ್ದರೆ ಘಾಟಿ ಹತ್ತುವಾಗ 0.3 ಮಿಲಿಲೀಟರ್ ಹೆಚ್ಚುತ್ತದೆ. ಕಣ್ಣಿಗೆ ಚುಚ್ಚುವ ಒಂದು ಇಂಜೆಕ್ಷನ್‌ನ ಪ್ರಮಾಣ ಕೇವಲ 0.05 ಮಿಲಿಲೀಟರ್. ಅಷ್ಟಕ್ಕೇ ಕಣ್ಣಿನ ಒತ್ತಡ ಕೆಲ ನಿಮಿಷ ಏರಿಬಿಡುತ್ತದೆ. ಇಲ್ಲಿ ಅದರ ಆರು ಪಟ್ಟು. ಕಣ್ಣು ಒಳಗಿನ ದ್ರವವನ್ನು ಹೊರಬಿಟ್ಟು ಸರಿದೂಗಿಸಿಕೊಳ್ಳಲು ನೋಡುತ್ತದೆ. ಆದರೆ ಸಂಪಾಜೆಯಿಂದ ಮೇಲಿನ ಏರನ್ನು ಕಾರು ಒಂದು ಗಂಟೆಯೊಳಗೆ ಮುಗಿಸುತ್ತದೆ, ಕಣ್ಣಿಗೆ ಅಷ್ಟು ವೇಗ ಸಾಲದು. ಒತ್ತಡ ತೀರಾ ಏರಿದರೆ ರೆಟಿನಾಗೆ ರಕ್ತ ಹರಿಯುವುದೇ ನಿಲ್ಲಬಹುದು. ಆಪರೇಷನ್ ಚೆನ್ನಾಗಿ ಆಗಿದ್ದ ಕಣ್ಣು ಹೀಗೆ ದಾರಿಯಲ್ಲಿ ಹಾಳಾಗಬಾರದು.

ಎಷ್ಟು ದಿನ ಕಾಯಬೇಕು ಎನ್ನುವುದು ಯಾವ ಗ್ಯಾಸ್ ಹಾಕಿದ್ದಾರೆ ಎಂಬುದರ ಮೇಲೆ ನಿಂತಿದೆ. ಬರೀ ಗಾಳಿಯಾದರೆ ಒಂದು ವಾರದೊಳಗೆ ಕರಗುತ್ತದೆ. ಎಸ್‌ಎಫ್6 ಆದರೆ ಎರಡು-ಮೂರು ವಾರ, ಸಿ3ಎಫ್8 ಆದರೆ ಆರರಿಂದ ಎಂಟು ವಾರ. ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕರಗುತ್ತಾ ಬಂದಂತೆ ನಿಮ್ಮ ತಂದೆಯವರಿಗೇ ಗೊತ್ತಾಗುತ್ತದೆ: ಗಾರೆಯವರ ರಸಮಟ್ಟದಲ್ಲಿ ಕಾಣುವಂತೆ ಒಂದು ಗೆರೆ ಅಲುಗಾಡುತ್ತಾ ದಿನದಿನಕ್ಕೆ ಕೆಳಗಿಳಿಯುತ್ತದೆ, ಕೊನೆಗೆ ದುಂಡನೆಯ ಗುಳ್ಳೆಯಾಗಿ ಮಾಯವಾಗುತ್ತದೆ. ಆದರೂ ಘಾಟಿ ಹತ್ತುವ ಮಾತನ್ನು ಆಪರೇಷನ್ ಮಾಡಿದ ವೈದ್ಯರು ಕಣ್ಣು ನೋಡಿಯೇ ಹೇಳಬೇಕು. ಅಲ್ಲಿವರೆಗೆ ಮಂಗಳೂರಿನಲ್ಲೋ, ಪುತ್ತೂರು-ಸುಳ್ಯದ ಕಡೆ ನೆಂಟರ ಮನೆಯಲ್ಲೋ ಉಳಿಯಲಿ. ಸುಳ್ಯದವರೆಗೆ ಹೇಳಿಕೊಳ್ಳುವಂಥ ಏರಿಲ್ಲ. ಶಿರಾಡಿ ಸುತ್ತಿ ಬಂದರೂ ಮಡಿಕೇರಿಯ ಎತ್ತರ ಅಷ್ಟೇ, ಹಾಗಾಗಿ ದಾರಿ ಬದಲಿಸಿ ಪ್ರಯೋಜನವಿಲ್ಲ.

ಇದೇ ಆಪರೇಷನ್ ಮೈಸೂರಿನಲ್ಲಿ ಆಗಿದ್ದರೆ ಅಂತರ ಕಡಿಮೆ. ಮೈಸೂರೇ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಗ್ಯಾಸ್ ಹಿಗ್ಗುವುದು ನೂರಕ್ಕೆ 5ರ ಆಸುಪಾಸು. ಆಗಲೂ ಕೇಳಿಯೇ ಹೊರಡಬೇಕು. ಆಪರೇಷನ್‌ಗೆ ಮೊದಲೇ 'ನಮ್ಮ ಮನೆ ಇಷ್ಟು ಎತ್ತರದಲ್ಲಿದೆ' ಎಂದು ಹೇಳಿದರೆ ಬೇಗ ಕರಗುವ ಗ್ಯಾಸನ್ನೋ, ಹಿಗ್ಗದ ಸಿಲಿಕೋನ್ ಎಣ್ಣೆಯನ್ನೋ ವೈದ್ಯರು ಯೋಚಿಸಬಹುದು. ಎಣ್ಣೆ ಹಾಕಿದರೆ ಕೆಲವು ತಿಂಗಳ ನಂತರ ಅದನ್ನು ತೆಗೆಯಲು ಸಾಮಾನ್ಯವಾಗಿ ಇನ್ನೊಂದು ಆಪರೇಷನ್ ಬೇಕಾಗುತ್ತದೆ.

ಎರಡು ಎಚ್ಚರ. ಯಾರಾದರೂ ಗೊತ್ತಿಲ್ಲದೆ ಘಾಟಿ ಹತ್ತಿ, ಕಣ್ಣು ನೋವು, ವಾಂತಿ, ದೃಷ್ಟಿ ಮಬ್ಬು ಶುರುವಾದರೆ ಮನೆ ಹತ್ತಿರವಿದೆ ಎಂದು ಮುಂದೆ ಹೋಗಬಾರದು. ಗಾಡಿ ತಿರುಗಿಸಿ ಕೆಳಗಿಳಿಯಬೇಕು, ಇಳಿಯುತ್ತಲೇ ವೈದ್ಯರಿಗೆ ಫೋನ್ ಮಾಡಬೇಕು. ಇನ್ನೊಂದು, ಗ್ಯಾಸ್ ಇರುವಷ್ಟು ದಿನ ಹಲ್ಲಿಗೋ ಮೂಳೆಗೋ ಅರಿವಳಿಕೆ ಕೊಡಬೇಕಾಗಿ ಬಂದರೆ 'ಕಣ್ಣಲ್ಲಿ ಗ್ಯಾಸ್ ಇದೆ, ನೈಟ್ರಸ್ ಆಕ್ಸೈಡ್ ಬೇಡ' ಎಂದು ಮೊದಲೇ ಹೇಳಿ. ಅದು ಗುಳ್ಳೆಯೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ.

ಪ್ರಶ್ನೆ: ಕಣದಲ್ಲಿ ಕಾಫಿ ಹರಡುವಾಗ, ಬಿಸಿಲಿನಲ್ಲಿ ಕಣ್ಣ ಮುಂದೆ ನೊಣದಂಥ ಚುಕ್ಕೆಗಳು ಹಾರಾಡುತ್ತವೆ. ಪರದೆ ಕಳಚುವ ಲಕ್ಷಣವೇ?
– ನಾಪೋಕ್ಲಿನ ಓದುಗರು

ಉತ್ತರ: ವರ್ಷಗಳಿಂದ ಇರುವ ನಾಲ್ಕಾರು ಚುಕ್ಕೆಗಳು ಬೆಳಕಿನಲ್ಲಿ ಎದ್ದು ಕಾಣುವುದು ಸಹಜ. ಹೆದರಬೇಕಾದದ್ದು ಹೊಸತಾಗಿ ಬಂದವಕ್ಕೆ: ಒಮ್ಮೆಲೇ ಮಸಿ ಚೆಲ್ಲಿದಂತೆ ಚುಕ್ಕೆಗಳು, ಕತ್ತಲಲ್ಲಿ ಕಣ್ಣಂಚಿಗೆ ಮಿಂಚು, ಒಂದು ಬದಿಯಿಂದ ಇಳಿಯುವ ಕಪ್ಪು ತೆರೆ. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ರೆಟಿನಾ ಹರಿದಿದ್ದು ಇನ್ನೂ ಕಳಚಿರದಿದ್ದರೆ ಲೇಸರ್‌ನಿಂದ ಸುತ್ತ ಬೆಸೆಯಬಹುದು. ಬೆಸುಗೆ ಗಟ್ಟಿಯಾಗಲು ಹತ್ತು-ಹದಿನಾಲ್ಕು ದಿನ ಬೇಕು. ತೆರೆ ಇಳಿದಿದ್ದರೆ ಆ ದಿನವೇ ಹೊರಡಿ. ನಡುದೃಷ್ಟಿಯ ಮ್ಯಾಕ್ಯುಲಾ ಕಳಚುವ ಮುನ್ನ ಆಪರೇಷನ್ ಆದರೆ ಉಳಿಯುವ ದೃಷ್ಟಿಯೇ ಬೇರೆ. ಮೈನಸ್ 6ಕ್ಕಿಂತ ಹೆಚ್ಚಿನ ಕನ್ನಡಕದವರೂ, ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದೋ ರೆಂಬೆ ಬಡಿದೋ ಕಣ್ಣಿಗೆ ಪೆಟ್ಟಾದವರೂ ಲಕ್ಷಣಕ್ಕೆ ಕಾಯದೆ ತೋರಿಸಿಕೊಳ್ಳಬೇಕು. ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ನಾಲ್ಕೈದು ಗಂಟೆ ಹತ್ತಿರದ್ದು ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ. ಜೀಪು ಓಡಿಸಲು ಇನ್ನೊಬ್ಬರು ಜೊತೆಗಿರಲಿ.

ಪ್ರಶ್ನೆ: ಅಮ್ಮನಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ. ಮ್ಯಾಕ್ಯುಲಾದಲ್ಲಿ ನೀರು ತುಂಬಿದೆ ಎಂದು ಮೈಸೂರಿನಲ್ಲಿ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆಗಿದೆ. ಈಗ ಪತ್ರಿಕೆ ಓದುತ್ತಾರೆ. ಮಳೆಗಾಲ ಕಳೆದ ಮೇಲೆ ಮುಂದಿನದು ಹಾಕಿಸಿದರೆ ಆಗದೇ? ಒಂದೊಂದು ಔಷಧಿಗೆ ಒಂದೊಂದು ಬೆಲೆ ಹೇಳುತ್ತಾರಲ್ಲ, ಯಾವುದು ಒಳ್ಳೆಯದು?
– ಸೋಮವಾರಪೇಟೆಯ ಓದುಗರು

ಉತ್ತರ: ಪತ್ರಿಕೆ ಓದುವಂತಾದದ್ದು ಸಂತೋಷ. ಆದರೆ ಅದು ಇಂಜೆಕ್ಷನ್ ಕೆಲಸ ಮಾಡುತ್ತಿದೆ ಎಂಬುದರ ಗುರುತು, ಕಾಯಿಲೆ ಹೋಯಿತು ಎಂಬುದರದ್ದಲ್ಲ. ಸಕ್ಕರೆಯಿಂದ ಸಣ್ಣ ರಕ್ತನಾಳಗಳು ಕೆಟ್ಟು, ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದರಿಂದ ನಾಳಗಳು ಸೋರುತ್ತವೆ. ಇಂಜೆಕ್ಷನ್ ಆ ಪ್ರೋಟೀನನ್ನು ಕೆಲವು ವಾರ ಕಟ್ಟಿಹಾಕುತ್ತದೆ, ಆಮೇಲೆ ಔಷಧಿ ಕರಗಿಹೋಗುತ್ತದೆ. ಅಮೆರಿಕದಲ್ಲಿ ಮೂರು ಔಷಧಿಗಳನ್ನು ಹೋಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ರೋಗಿಗಳಿಗೆ ಮೊದಲ ವರ್ಷ ಸಾಮಾನ್ಯವಾಗಿ 9-10, ಎರಡನೇ ವರ್ಷ 5-6 ಇಂಜೆಕ್ಷನ್ ಬೇಕಾದವು. ಮೂರಕ್ಕೇ ನಿಲ್ಲಿಸಿದರೆ ನೀರು ಮತ್ತೆ ತುಂಬುವ ಸಂಭವವೇ ಹೆಚ್ಚು.

ಬೆಲೆಯ ಪ್ರಶ್ನೆಗೂ ಅದೇ ಅಧ್ಯಯನದಲ್ಲಿ ಉತ್ತರವಿದೆ. ಆರಂಭದ ದೃಷ್ಟಿ 6/15 (ಒಳ್ಳೆಯ ಕಣ್ಣು 15 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದ ಓದುವುದು) ಅಥವಾ ಅದಕ್ಕಿಂತ ಕೆಟ್ಟದಾಗಿದ್ದವರಿಗೆ ಮೊದಲ ವರ್ಷ ದುಬಾರಿಯಾದ ಅಫ್ಲಿಬರ್ಸೆಪ್ಟ್ ಹೆಚ್ಚು ಗುಣ ಕೊಟ್ಟಿತು. ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವರಲ್ಲಿ ಅಗ್ಗದ ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಮೂರೂ ಸಮಸಮ. ನಮ್ಮ ಅಭಿಪ್ರಾಯದಲ್ಲಿ, ದುಬಾರಿಯದನ್ನು ಎರಡು ಸಲ ಹಾಕಿಸಿ ಕೈಸೋತು ನಿಲ್ಲಿಸುವುದಕ್ಕಿಂತ ಅಗ್ಗದ್ದನ್ನು ತಪ್ಪದೆ ಹಾಕಿಸುವುದು ಮೇಲು. ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧಿ, ದೊಡ್ಡ ಬಾಟಲಿಯಿಂದ ಹಲವು ಸಿರಿಂಜುಗಳಿಗೆ ಹಂಚುತ್ತಾರೆ. ಅಪಾಯ ಇರುವುದು ಆ ಹಂಚಿಕೆಯ ಶುಚಿತ್ವದಲ್ಲಿ. ಸಿರಿಂಜನ್ನು ಎಲ್ಲಿ, ಯಾವಾಗ ತುಂಬಿದ್ದೆಂದು ಸಂಕೋಚವಿಲ್ಲದೆ ಕೇಳಿ.

ಮಳೆಗಾಲದ ಮಾತು. ರಸ್ತೆ ಕುಸಿಯುವ, ಬಸ್ಸು ನಿಲ್ಲುವ ತಿಂಗಳುಗಳ ಬಗ್ಗೆ ವೈದ್ಯರಿಗೆ ಮೇ ತಿಂಗಳಲ್ಲೇ ತಿಳಿಸಿ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ನೀರು ಇಂಗಿರುವುದು ಕಂಡರೆ ಅಂತರವನ್ನು ನಾಲ್ಕರಿಂದ ಆರು, ಆರರಿಂದ ಎಂಟು ವಾರಕ್ಕೆ ಮೆಲ್ಲಗೆ ಹಿಗ್ಗಿಸುವ ಪದ್ಧತಿಯಿದೆ. ಹೊಸ ರಕ್ತನಾಳಗಳು ಹುಟ್ಟುವ ಹಂತ ತಲುಪಿದ್ದರೆ ಮಳೆಗಾಲದಲ್ಲಿ ಬರಲಾಗದು ಎಂದು ಹೇಳುವುದು ಇನ್ನೂ ಮುಖ್ಯ. ಬರೀ ಇಂಜೆಕ್ಷನ್ ನಂಬಿದವರು ತಿಂಗಳುಗಟ್ಟಲೆ ತಪ್ಪಿಸಿಕೊಂಡರೆ ನಾಳಗಳು ಮರಳಿ ಬಂದು ಪರದೆಯನ್ನು ಎಳೆದು ಕಳಚಬಹುದು. ಈ ಹಂತದಲ್ಲಿ ಲೇಸರ್ ಚಿಕಿತ್ಸೆ ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ ಅಷ್ಟು ಹಾನಿ ಆಗುವುದಿಲ್ಲ, ಅದರ ಫಲ ಉಳಿಯುತ್ತದೆ. ಲೇಸರ್‌ನಿಂದ ಬದಿಯ ನೋಟವೂ ರಾತ್ರಿಯ ನೋಟವೂ ತುಸು ತಗ್ಗುತ್ತದೆ ನಿಜ. ಬರಲಾಗದ ಊರಿನವರಿಗೆ ಆ ಬೆಲೆ ತೆರಬಹುದಾದದ್ದೇ.

ಇಂಜೆಕ್ಷನ್ ದಿನ ಕಣ್ಣು ಚುರುಗುಟ್ಟುವುದು ಅಯೋಡಿನ್ ಹನಿಯಿಂದ; ಬಿಳಿಗುಡ್ಡೆಯ ಮೇಲಿನ ಕೆಂಪು ಕಲೆಗೆ ಭಯಬೇಡ. ಎರಡನೆಯ ದಿನದಿಂದ ಐದನೆಯ ದಿನದೊಳಗೆ ನೋವು ಏರುತ್ತಾ ದೃಷ್ಟಿ ಇಳಿಯುತ್ತಾ ಹೋದರೆ ಅದು ಒಳಸೋಂಕು. ಅಪರೂಪವಾದರೂ ಗಂಟೆಗಳ ಲೆಕ್ಕದಲ್ಲಿ ಕಣ್ಣು ತಿನ್ನುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ. ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ, ರೆಪ್ಪೆಯಲ್ಲಿ ಕುರು ಇದ್ದರೆ ಮೊದಲೇ ತಿಳಿಸಿ.

ಪ್ರಶ್ನೆ: ತಮ್ಮನಿಗೆ 24 ವರ್ಷ. ಸಂಜೆಯಾದರೆ ತೋಟದಿಂದ ಮನೆಗೆ ಬರಲು ತಡವರಿಸುತ್ತಾನೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂದಿದ್ದಾರೆ. ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ ಎಂಬ ಜಾಹೀರಾತು ನೋಡಿ ತೋಟದ ಒಂದು ಭಾಗ ಮಾರಲು ಯೋಚಿಸುತ್ತಿದ್ದೇವೆ.
– ಪೊನ್ನಂಪೇಟೆಯ ಓದುಗರು

ಉತ್ತರ: ದಯವಿಟ್ಟು ಮಾರಬೇಡಿ. ಇದು ಜೀನ್ ಕೆಟ್ಟು ರೆಟಿನಾದ ಕೋಶಗಳು ಮೆಲ್ಲಮೆಲ್ಲಗೆ ಸಾಯುವ ಕಾಯಿಲೆ. ದುಡ್ಡು ಪಡೆದು ಸ್ಟೆಮ್ ಸೆಲ್ ಚುಚ್ಚುವುದಕ್ಕೆ ರೆಟಿನಾ ಕಾಯಿಲೆಯಲ್ಲಿ ಮಾನ್ಯತೆಯಿಲ್ಲ. ಅಮೆರಿಕದಲ್ಲಿ ಹೀಗೆ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಹಾಕಿಸಿಕೊಂಡ ಮೂವರು ಮಹಿಳೆಯರು ತೀವ್ರವಾಗಿ ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ನಿಜವಾದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ, ಪ್ರಯೋಗದ ಔಷಧಿಗೆ ರೋಗಿಯಿಂದ ಹಣ ಕೇಳುವುದಿಲ್ಲ. ಇವೆರಡನ್ನು ವಿಚಾರಿಸಿ.

ವಿಜ್ಞಾನ ಸುಮ್ಮನೆ ಕುಳಿತಿಲ್ಲ. ಆರ್‌ಪಿಇ65 ಎಂಬ ಒಂದು ಜೀನ್‌ನ ಎರಡೂ ಪ್ರತಿ ಕೆಟ್ಟಿರುವವರಿಗೆ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗೆ ಅಮೆರಿಕ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ನಿರಪಾಯಕಾರಿ ವೈರಸ್ ಮೂಲಕ ಸರಿಯಾದ ಜೀನನ್ನು ರೆಟಿನಾದ ಕೆಳಗೆ ತಲುಪಿಸುತ್ತಾರೆ. ಎರಡೂ ಕಣ್ಣಿಗೆ ಆಗ ಹೇಳಿದ ಬೆಲೆ 8.5 ಲಕ್ಷ ಡಾಲರ್. ಆದರೆ ಈ ಕಾಯಿಲೆಗೆ ಕಾರಣವಾಗುವ ಜೀನ್‌ಗಳು ಹತ್ತಾರು, ಆರ್‌ಪಿಇ65 ಅವುಗಳಲ್ಲಿ ಸಣ್ಣ ಪಾಲು. ಅದರಲ್ಲೂ ಬದುಕಿರುವ ಕೋಶಗಳು ಸಾಕಷ್ಟು ಉಳಿದಿರಬೇಕು. ಹಾಗಾಗಿ ಮೊದಲ ಹೆಜ್ಜೆ ರಕ್ತದ ಜೀನ್ ಪರೀಕ್ಷೆ, ಜೊತೆಗೆ ಮನೆತನದ ವಿವರ: ತಂದೆತಾಯಿ ಸಂಬಂಧಿಕರೇ, ಸೋದರಮಾವಂದಿರಲ್ಲಿ ಯಾರಿಗಾದರೂ ಇರುಳುಗುರುಡು ಇತ್ತೇ ಎಂಬುದು ಯಾವ ಜೀನ್ ಹುಡುಕಬೇಕೆಂದು ತೋರಿಸುತ್ತದೆ. ವಿಟಮಿನ್ ಎ ಮಾತ್ರೆಗಳನ್ನು ಸ್ವಂತವಾಗಿ ನುಂಗಿಸಬೇಡಿ, ಎಬಿಸಿಎ4 ಜೀನ್ ಕೆಟ್ಟಿದ್ದರೆ ಅದರಿಂದ ಹಾನಿಯಾಗಬಹುದು.

ಈ ಕಾಯಿಲೆಯವರಲ್ಲಿ ಬೇಗ ಬರುವ ಪೊರೆಯನ್ನು ತೆಗೆಯಬಹುದು, ಮ್ಯಾಕ್ಯುಲಾದ ನೀರಿಗೆ ಹನಿ, ಮಾತ್ರೆಗಳಿವೆ. 'ಏನೂ ಮಾಡಲಾಗದು' ಎಂದು ಮನೆಯಲ್ಲೇ ಕೂತು ಇವೆರಡನ್ನೂ ಕಳೆದುಕೊಳ್ಳುವವರು ಬಹಳ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೂ ಅರ್ಜಿ ಹಾಕಿ. ತೋಟದ ದಾರಿಗೆ ಅಗಲ ಬೆಳಕಿನ ಟಾರ್ಚ್ ಕೊಡಿಸಿ. ಕಿರಿದಾದ ದೂರದ ಬೆಳಕು ಬದಿಯ ನೋಟ ಕುಗ್ಗಿದವರಿಗೆ ಸಾಲದು.

ಪ್ರಶ್ನೆ: ನೇತ್ರದಾನದ ಕಣ್ಣಿನಿಂದ ರೆಟಿನಾ ಬದಲಿಸಬಹುದೇ?
– ಕುಶಾಲನಗರದ ಓದುಗರು

ಉತ್ತರ: ಇಲ್ಲ. ದಾನದ ಕಣ್ಣಿನಿಂದ ಕಸಿ ಮಾಡುವುದು ಮುಂದಿನ ಪಾರದರ್ಶಕ ಕಾರ್ನಿಯಾವನ್ನು. ರೆಟಿನಾದಿಂದ ಮೆದುಳಿಗೆ ಹೋಗುವ ಹತ್ತು ಲಕ್ಷಕ್ಕೂ ಹೆಚ್ಚು ನರತಂತುಗಳನ್ನು ಮರಳಿ ಜೋಡಿಸುವ ವಿದ್ಯೆ ಇನ್ನೂ ಕೈಗೆ ಬಂದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಡೀ ಕಣ್ಣನ್ನೇ ಕಸಿ ಮಾಡಿದರು. ಅದಕ್ಕೆ ರಕ್ತ ಹರಿಯಿತು, ದೃಷ್ಟಿ ಬರಲಿಲ್ಲ. ರೆಟಿನಾ ಕಾಯಿಲೆಯವರೂ ಕಾರ್ನಿಯಾ ಚೆನ್ನಾಗಿದ್ದರೆ ನೇತ್ರದಾನ ಮಾಡಬಹುದು.