ಯಾರಿಗೂ ಕೇಳಿಸದ ಬೇಸ್

(ಈ ಸಲದ ಪ್ರಶ್ನೆಗಳೆಲ್ಲ ಬೇಸ್ ಗಿಟಾರ್ ಬಗ್ಗೆ, ಅಂದರೆ ಹಾಡಿನ ತಗ್ಗು ಸ್ವರಗಳನ್ನು ನುಡಿಸುವ ದಪ್ಪ ತಂತಿಯ ಗಿಟಾರ್. ಉತ್ತರ ಕೊಟ್ಟವರು ಹಾಸನದ ಸುತ್ತಮುತ್ತ ರಸಮಂಜರಿ ಕಾರ್ಯಕ್ರಮಗಳಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದ ವಾದಕರು.)

ಸರ್, ನಿಮ್ಮ ಮೊದಲ ಬೇಸ್ ಯಾವುದು? ಈಗಲೂ ಇದೆಯಾ?
– ಓದುಗರು, ಅರಸೀಕೆರೆ

ಇಲ್ಲ. ಇದ್ದಿದ್ದರೂ ನುಡಿಸೋಕೆ ಆಗುತ್ತಿರಲಿಲ್ಲ ಬಿಡಿ. 1991ರಲ್ಲಿ 1,800 ರೂಪಾಯಿಗೆ ತಗೊಂಡ ಸೆಕೆಂಡ್ ಹ್ಯಾಂಡ್ ಮಾಲು, ಕಲ್ಕತ್ತದ್ದು. ತಂತಿಗಳು ಎಷ್ಟು ಮೇಲಿದ್ದವು ಅಂದರೆ ಅಡಿಯಲ್ಲಿ ಪೆನ್ಸಿಲ್ ತೂರಿಸಬಹುದಿತ್ತು. ಮೊದಲ ತಿಂಗಳು ಎಡಗೈ ಬೆರಳುಗಳಲ್ಲಿ ಬರೀ ಬೊಬ್ಬೆ. "ಸಂಗೀತ ಕಲೀತಿದ್ದೀಯೋ, ಸೌದೆ ಒಡೀತಿದ್ದೀಯೋ?" ಅಂತ ಅಮ್ಮ ಕೇಳಿದ್ದರು.

ನಮ್ಮ ತಂಡದಲ್ಲಿ ಬೇಸಿಗೆ ಅಂತ ಬೇರೆ ಆಂಪ್ಲಿಫೈಯರ್ ಇರಲಿಲ್ಲ. ಮೈಕ್ ಸೆಟ್ಟಿನವರ ಆಂಪ್ಲಿಫೈಯರಿಗೇ ವೈರ್ ಚುಚ್ಚುವುದು. ಗಣಪತಿ ಹಬ್ಬಕ್ಕೆ ಹಳ್ಳಿಗೆ ಹೋದರೆ ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ, ಅಷ್ಟು ಕೆಳಗಿನ ಸ್ವರ ಹಾರ್ನಿನ ಬಾಯಿಂದ ಬರುವುದೇ ಇಲ್ಲ. ಅದು ಇರೋದು ಮಾತು ದೂರಕ್ಕೆ ಕೇಳಲಿ ಅಂತ. ಹಾಗಾಗಿ ನಾನು ರಾತ್ರಿಯೆಲ್ಲ ನುಡಿಸಿದ್ದರಲ್ಲಿ ಜನಕ್ಕೆ ತಲುಪಿದ್ದು ಬೆರಳು ತಂತಿಗೆ ತಾಗುವ ಟಕ್ ಟಕ್ ಮಾತ್ರ. ಒಂದೂರಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಅಜ್ಜ ಒಬ್ಬರು ಬಂದು, "ಎಲ್ರೂ ಬಾರಿಸಿದ್ರು, ನೀನ್ಯಾಕಪ್ಪ ಸುಮ್ನೆ ನಿಂತಿದ್ದೆ?" ಅಂದರು.

ಆ ಮಾತಿಗೇ ಬಾಕ್ಸ್ ಮಾಡಿಸಿದೆ. 15 ಇಂಚಿನ ಸ್ಪೀಕರ್, ದಪ್ಪ ಪ್ಲೈವುಡ್, ಹಾಸನದ ಬಡಗಿಯ ಕೈಕೆಲಸ. ಎತ್ತೋಕೆ ಇಬ್ಬರು ಬೇಕು. ಬಸ್ಸಿನ ಮೇಲೆ ಹಾಕಿಕೊಂಡು ಸಕಲೇಶಪುರಕ್ಕೆ ಹೋದಾಗ ನನ್ನ ಟಿಕೆಟ್‌ಗಿಂತ ಬಾಕ್ಸಿನ ಲಗೇಜೇ ಜಾಸ್ತಿ. ಆದರೆ ಅವತ್ತು ಮೊದಲ ಹಾಡಿಗೇ ಸ್ಟೇಜಿನ ಹಲಗೆ ನಡುಗಿತು. ಡ್ರಮ್ಸ್ ಹುಡುಗ ಬಾರಿಸುವುದು ಬಿಟ್ಟು ತಿರುಗಿ ನೋಡಿದ.

ಮಾರಿ ಪಶ್ಚಾತ್ತಾಪ ಪಟ್ಟ ವಾದ್ಯ ಯಾವುದಾದರೂ ಇದೆಯಾ?
– ಓದುಗರು, ಚಿಕ್ಕಮಗಳೂರು

ಒಂದಿದೆ. ಜಪಾನಿನಲ್ಲಿ ಮಾಡಿದ, ಜಾಜ್ ಬೇಸ್ ಮಾದರಿಯ ಕಾಪಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು, 1960ರಲ್ಲಿ ಜಾಜ್ ಬೇಸ್. ಎರಡಕ್ಕೂ ತಂತಿಯ ಉದ್ದ 34 ಇಂಚು. ಜಾಜ್ ಬೇಸಿನ ಕತ್ತು, ಅಂದರೆ ಎಡಗೈ ಓಡಾಡುವ ಉದ್ದನೆಯ ಭಾಗ, ಮಾತ್ರ ಮೇಲ್ತುದಿಯಲ್ಲಿ ಒಂದೂವರೆ ಇಂಚಿನಷ್ಟೇ ಅಗಲ, ನನ್ನಂಥ ಸಣ್ಣ ಕೈಯವರಿಗೆ ಹೇಳಿ ಮಾಡಿಸಿದ ಹಾಗೆ. ಇಳಯರಾಜ ಹಾಡುಗಳ ಬೇಸ್ ಒಂದು ಕಡೆ ನಿಲ್ಲುವುದಿಲ್ಲ, ಹಾಡಿನ ಜೊತೆ ತಾನೂ ಇನ್ನೊಂದು ಹಾಡು ಹೇಳುತ್ತಾ ಓಡುತ್ತದೆ. ಕಲ್ಕತ್ತದ ಬೇಸಿನಲ್ಲಿ ಅವನ್ನು ಅರ್ಧಕ್ಕರ್ಧ ನುಂಗಿ ನುಡಿಸುತ್ತಿದ್ದೆ. ಇದರಲ್ಲಿ ಪೂರ್ತಿ ಬಂದವು.

ಒಮ್ಮೆ ಅದರ ಒಂದು ಫ್ರೆಟ್, ಅಂದರೆ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ, ಎದ್ದಿತು. ಬಾಕ್ಸ್ ಮಾಡಿದ ಬಡಗಿಯ ಹತ್ತಿರವೇ ಒಯ್ದೆ. ಅವರು ಫ್ರೆಟ್ ನೋಡಲೇ ಇಲ್ಲ. ಕತ್ತಿನ ಕಪ್ಪು ಹಲಗೆಯನ್ನು ಉಗುರಲ್ಲಿ ಕೆರೆದು, ಮೂಸಿ, "ಇದು ನಮ್ಮ ಬೀಟೆ ಅಲ್ವಾ?" ಅಂದರು. ಗಿಟಾರಿನವರು ಇಂಡಿಯನ್ ರೋಸ್‌ವುಡ್ ಅನ್ನುವುದು ಈ ಬೀಟೆಯನ್ನೇ, ನಮ್ಮ ಘಟ್ಟದಲ್ಲೂ ಬೆಳೆಯುವ ಮರ. ನಮ್ಮ ತೋಟದ ಬೀಟೆ ನಾವೇ ಕಡಿಯಬೇಕಾದರೂ ಅರಣ್ಯ ಇಲಾಖೆ ಒಪ್ಪಬೇಕು, ಈ ಮರ ನೋಡಿದರೆ ಜಪಾನ್ ಸುತ್ತಿ ಹಾಸನಕ್ಕೆ ಬಂದು ಕೂತಿದೆ ಅಂತ ಇಬ್ಬರೂ ನಕ್ಕೆವು. ಇಲ್ಲಿಯದೇ ಮರವೋ ಅಲ್ಲವೋ, ಅವತ್ತಿನಿಂದ ಅದು ನನಗೆ ಊರಿನವನ ಹಾಗೆ.

2003ರಲ್ಲಿ ತಂಗಿ ಮದುವೆಗೆ ದುಡ್ಡು ಸಾಲಲಿಲ್ಲ, ಮಾರಿದೆ. ಮೂಡಿಗೆರೆ ಕಡೆಯ ಹುಡುಗ ಒಬ್ಬ ಎಣಿಸಿ ಕೊಟ್ಟ, ಚೌಕಾಸಿ ಕೂಡ ಮಾಡಲಿಲ್ಲ. ಮಾಡಿದ್ದರೆ ಅದೇ ನೆಪದಲ್ಲಿ ವಾಪಸ್ ತರುತ್ತಿದ್ದೆನೇನೋ.

ಬ್ಯಾಟರಿ ಹಾಕುವ ಬೇಸ್ ಒಳ್ಳೆಯದಾ?
– ಓದುಗರು, ಬೇಲೂರು

ಒಳ್ಳೆಯದೇ, ನಿಮಗೆ ಮರೆವು ಇಲ್ಲದಿದ್ದರೆ. ಆಕ್ಟಿವ್ ಬೇಸಿನಲ್ಲಿ ವೈರ್ ಚುಚ್ಚಿದ್ದಷ್ಟೂ ಹೊತ್ತು 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಪ್ರಾಕ್ಟೀಸ್ ಆದಮೇಲೆ ಹಾಗೇ ಬಿಟ್ಟು, ನಿಮ್ಮೂರಿನ ಸ್ಟೇಜ್ ಮೇಲೆಯೇ ಎರಡನೇ ಹಾಡಿಗೆ ನನ್ನ ಬೇಸ್ ಗರಗರ ಅಂದು ಸತ್ತಿತು. ಉಳಿದ ಹಾಡಿಗೆಲ್ಲ ಸುಮ್ನೆ ಬೆರಳಾಡಿಸಿದೆ. ಕೀಬೋರ್ಡಿನವನ ಎಡಗೈ ನನ್ನ ಕೆಲಸ ಮಾಡಿತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ತಂಡದವರು ಆ ಎಡಗೈಯನ್ನೇ ಕಾಯಂ ಮಾಡಿಕೊಂಡರು ಅನ್ನಿ.

ಹಳೇ ಬೇಸ್ ಒಂದು ಮಾರಾಟಕ್ಕಿದೆ. ಏನೇನು ನೋಡಿ ತಗೋಬೇಕು?
– ಓದುಗರು, ಸಕಲೇಶಪುರ

ಮೊದಲು ಕತ್ತು. ಮೊದಲನೇ ಫ್ರೆಟ್ಟನ್ನೂ ಕೊನೇ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, ಏಳೆಂಟನೇ ಫ್ರೆಟ್ ಹತ್ತಿರ, ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಇದ್ದರೆ ಸರಿ. ನಿಮ್ಮ ಮಳೆಯಲ್ಲಿ ಮರ ಉಬ್ಬಿ ಕತ್ತು ಬಾಗುವುದು ಮಾಮೂಲಿ, ಕತ್ತಿನ ಒಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಅಲೆನ್ ಕೀಯಲ್ಲಿ ಬಿಗಿ ಮಾಡಿದರೆ ಸರಿಹೋಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಆಮೇಲೆ ಒಂದು ದಿನ ಬಿಡಿ. ರಾಡ್ ತಿರುಗುವುದೇ ಇಲ್ಲ ಅಂದರೆ ಆ ಬೇಸ್ ಬೇಡ. ವಾಲ್ಯೂಮ್ ಗುಬುಟು ತಿರುಗಿಸುವಾಗ ಕರಕರ ಅಂದರೆ ಹೆದರಬೇಡಿ, ಧೂಳು ಅಷ್ಟೇ. ಹಳೇ ತಂತಿ ಮಂಕಾಗಿದ್ದರೆ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿ ಒರೆಸಿ, ಸ್ವಲ್ಪ ದಿನ ಹೊಸದರಂತೆ ಮೊಳಗುತ್ತವೆ. ಅಡುಗೆ ಪಾತ್ರೆ ಮಾತ್ರ ಬಳಸಬೇಡಿ, ನಮ್ಮನೆಯಲ್ಲಿ ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಇನ್ನೊಂದು ವಿಷಯ. ಮೂಡಿಗೆರೆ ನಿಮಗೇನು ದೂರವಿಲ್ಲ. ಆ ಬೇಸ್ ತಿರುಗಿಸಿ ಹಿಂಬದಿ ನೋಡಿ. ಬೆಲ್ಟ್ ಬಕಲ್ ಉಜ್ಜಿ ಬಣ್ಣ ಹೋದ ಅಂಗೈಯಗಲದ ಗುರುತಿದ್ದು, ಐದನೇ ಫ್ರೆಟ್ ಹತ್ತಿರ ಬಡಗಿಯ ಉಗುರು ಗೀರಿದ ಸಣ್ಣ ಗೆರೆ ಇದ್ದರೆ, ದಯವಿಟ್ಟು ಪತ್ರಿಕೆ ಆಫೀಸಿಗೆ ಒಂದು ಕಾಗದ ಹಾಕಿ. ನೀವು ಕೊಟ್ಟಿದ್ದಕ್ಕಿಂತ ಜಾಸ್ತಿಯೇ ಕೊಡುತ್ತೇನೆ.