ಮೂರು ಕಂಟ್ರೋಲರ್ ಇದ್ದರೂ ಒಂದು ಆ್ಯಪ್ ಎಲ್ಲವನ್ನೂ ಕೆಡವೋದು ಹೇಗೆ?

ಎಸ್‌ಡಿಎನ್ ಕಂಟ್ರೋಲರನ್ನು (ನೆಟ್‌ವರ್ಕ್‌ನ ಸ್ವಿಚ್‌ಗಳಿಗೆಲ್ಲ ಒಂದೇ ಕಡೆಯಿಂದ ದಾರಿ ಹೇಳುವ ಸಾಫ್ಟ್‌ವೇರ್) ಮೂರು ನೋಡ್‌ಗಳ, ಅಂದರೆ ಮೂರು ಮಷೀನ್‌ಗಳ, ಕ್ಲಸ್ಟರ್ ಮಾಡಿದ್ದೀರಿ, ಆದರೂ ಅದರೊಳಗೆ ಓಡುವ, ನೀವೇ ಬರೆದ ಆ್ಯಪ್ ಕೆಟ್ಟಾಗ ಮೂರೂ ಒಂದರ ಹಿಂದೊಂದು ಮಲಗಿದವು, ಯಾಕೆ ಅಂತ ಕೇಳಿದ್ದೀರಿ. ಮೂರರಲ್ಲೂ ಓಡುತ್ತಿರುವುದು ಅದೇ ಕೋಡ್, ಅದಕ್ಕೆ. ಮೂರರಲ್ಲಿ ಒಂದು ಮಷೀನ್ ಸತ್ತರೆ ರಾಫ್ಟ್ (ನೋಡ್‌ಗಳನ್ನು ಒಮ್ಮತದಲ್ಲಿಡುವ ಅಲ್ಗಾರಿದಮ್) ಕಾಪಾಡುತ್ತದೆ. ನಿಮ್ಮ ಬಗ್‌ನಿಂದ ಕಾಪಾಡುವುದಿಲ್ಲ.

ನನಗೂ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಐಪಿವಿ6 ನೈಬರ್ ಡಿಸ್ಕವರಿ (ಪಕ್ಕದ ಮಷೀನ್‌ಗಳ ವಿಳಾಸ ಹುಡುಕುವ ವಿಧಾನ) ಪ್ಯಾಕೆಟ್‌ನ ಆಪ್ಷನ್‌ಗಳನ್ನು ಓದುವ ಲೂಪ್ ಬರೆದಿದ್ದೆ: ಆಪ್ಷನ್ ಎಷ್ಟು ಉದ್ದವೋ ಅಷ್ಟು ಮುಂದೆ ಹೋಗು, ಮುಂದಿನದನ್ನು ಓದು. ಯಾವುದೋ ಹೋಸ್ಟ್ ಉದ್ದ ಸೊನ್ನೆ ಅಂತ ಕಳಿಸಿತು. ಲೂಪ್ ನಿಂತಲ್ಲೇ ಸುತ್ತಿತು. ಕಂಟ್ರೋಲರ್‌ನಿಂದ ಎಕೋ ರಿಪ್ಲೈ (‘ಬದುಕಿದ್ದೇನೆ’ ಅನ್ನುವ ಉತ್ತರ) ಬಾರದ್ದರಿಂದ ಸ್ವಿಚ್ ಸಂಪರ್ಕ ಕಡಿದುಕೊಂಡು ಎರಡನೇ ನೋಡ್ ಕಡೆ ತಿರುಗಿತು. ಉತ್ತರ ಸಿಗದ ಹೋಸ್ಟ್ ಅದೇ ಪ್ಯಾಕೆಟ್ ಮತ್ತೆ ಕಳಿಸಿತು. ಮುಂದಿನದು ನಿಮಗೇ ಗೊತ್ತು. (ಸೊನ್ನೆ ಉದ್ದದ ಆಪ್ಷನ್ ಕಂಡರೆ ಪ್ಯಾಕೆಟನ್ನೇ ಎಸೆಯಬೇಕು ಅಂತ ಇದರ ನಿಯಮ ಬರೆದಿರುವ ಆರ್‌ಎಫ್‌ಸಿ 4861ರಲ್ಲಿ ಸ್ಪಷ್ಟವಾಗಿದೆ. ನಾನು ಓದಿರಲಿಲ್ಲ.)

ಹಾಗಾಗಿ ಮೊದಲು ಆ್ಯಪನ್ನು ಕಂಟ್ರೋಲರ್‌ನ ಪ್ರೋಸೆಸ್‌ನಿಂದ ಹೊರಗೆ ಹಾಕಿ. ಯಾವ ಈವೆಂಟ್ (ಸ್ವಿಚ್ ಕಳಿಸಿದ ಪ್ಯಾಕೆಟ್‌ನಂಥದ್ದು) ಕೈಗೆತ್ತಿಕೊಂಡಿರಿ ಅನ್ನುವುದನ್ನು ಮುಟ್ಟುವ ಮುಂಚೆಯೇ ಡಿಸ್ಕ್‌ಗೆ ಬರೆದಿಡಿ. ಅದೇ ಈವೆಂಟ್ ಎರಡು ಸಲ ಕೆಡವಿದರೆ ಮೂರನೇ ಸಲ ಬಿಟ್ಟು ಮುಂದೆ ಹೋಗಿ. 2014ರ ಲೆಗೋಎಸ್‌ಡಿಎನ್ ಸಂಶೋಧನೆಯ ತಿರುಳೂ ಹೆಚ್ಚುಕಡಿಮೆ ಇದೇ. ಆದರೆ ಫೈರ್‌ವಾಲ್ ಆ್ಯಪ್ ಆಗಿದ್ದರೆ ಹುಷಾರು: ಈವೆಂಟ್ ಬಿಟ್ಟರೂ ಟ್ರಾಫಿಕ್ ಒಳಗೆ ಬಿಡಬಾರದು.

ಇನ್ನೊಂದು ತಲೆನೋವು ಆ್ಯಪ್ ಮತ್ತೆ ಎದ್ದಾಗಿನದು. ಐದು ಸ್ವಿಚ್‌ಗಳ ದಾರಿಯಲ್ಲಿ ಮೂರಕ್ಕೆ ಫ್ಲೋ (ಯಾವ ಪ್ಯಾಕೆಟ್ ಎಲ್ಲಿಗೆ ಅನ್ನುವ ನಿಯಮ) ಹಾಕಿ ಸತ್ತಿರುತ್ತದೆ. ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಸರಿಯಾಗಿ ಓಡುತ್ತಿದ್ದ ಟ್ರಾಫಿಕ್ಕೂ ನಿಲ್ಲುತ್ತದೆ. ನಾನು ಪ್ರತಿ ಫ್ಲೋನ 64 ಬಿಟ್ ಕುಕಿಯಲ್ಲಿ (ಕಂಟ್ರೋಲರ್ ತನ್ನ ಗುರುತು ಬರೆದಿಡುವ ಜಾಗ) ಆ್ಯಪ್‌ನ ಗುರುತು ಇಡುತ್ತೇನೆ. ಎದ್ದ ಕೂಡಲೇ ಸ್ವಿಚ್‌ನಿಂದಲೇ ಟೇಬಲ್ ಓದಿ, ಇರಬೇಕಾದ್ದರ ಜೊತೆ ಹೋಲಿಸಿ, ವ್ಯತ್ಯಾಸವನ್ನಷ್ಟೇ ಕಳಿಸುತ್ತೇನೆ. ಬ್ಯಾರಿಯರ್ ರಿಪ್ಲೈ (ಹಿಂದೆ ಕಳಿಸಿದ್ದೆಲ್ಲ ಮುಗಿಯಿತು ಅನ್ನುವ ಸ್ವಿಚ್‌ನ ಉತ್ತರ) ಬರುವ ತನಕ ಯಾವುದನ್ನೂ ಆಯಿತು ಅಂತ ಗುರುತು ಹಾಕುವುದಿಲ್ಲ. ಹೊಸ ದಾರಿಯಾದರೆ ಕೊನೆಯ ಸ್ವಿಚ್‌ನಿಂದ ಹಿಂದಕ್ಕೆ ಬರುತ್ತೇನೆ. ಪ್ಯಾಕೆಟ್ ಒಳಬರುವ ಸ್ವಿಚ್‌ಗೆ ಕೊನೆಯಲ್ಲಿ ಹಾಕುವುದರಿಂದ ಅರ್ಧ ಹಾಕಿದ ದಾರಿಗೆ ಯಾರೂ ಕಾಲಿಡುವುದಿಲ್ಲ.

ಲಿಂಕ್ ಕಡಿದರೆ ಏನು ಅನ್ನುವುದನ್ನು ಆ್ಯಪ್‌ಗೆ ಬಿಡಲೇಬೇಡಿ. ಕಂಟ್ರೋಲರ್ ಸ್ವಿಚ್ ಜೊತೆ ಮಾತಾಡುವ ಪ್ರೋಟೋಕಾಲ್ ಆದ ಓಪನ್‌ಫ್ಲೋದಲ್ಲಿ 1.1ರಿಂದ ಫಾಸ್ಟ್ ಫೇಲ್‌ಓವರ್ ಗ್ರೂಪ್ (ಒಂದು ಪೋರ್ಟ್ ಸತ್ತರೆ ಸ್ವಿಚ್ ತಾನೇ ಬದಲಿಗೆ ಹೋಗುವ ವ್ಯವಸ್ಥೆ) ಇದೆ, ಸ್ವಿಚ್ ಬೆಂಬಲಿಸಿದರೆ ಅದೇ ನೋಡಿಕೊಳ್ಳುತ್ತದೆ. ಓಪನ್ ವಿಸ್ವಿಚ್ ಅನ್ನುವ ಸಾಫ್ಟ್‌ವೇರ್ ಸ್ವಿಚ್‌ನಲ್ಲಿ ಫೇಲ್-ಮೋಡ್ ಸೆಕ್ಯೂರ್ ಇಡಿ, ಇಲ್ಲದಿದ್ದರೆ ಕಂಟ್ರೋಲರ್ ಸಿಗದಾಗ ಅದು ತಾನೇ ದಾರಿ ಕಲಿಯುವ ಮಾಮೂಲಿ ಲರ್ನಿಂಗ್ ಸ್ವಿಚ್ ಆಗಿಬಿಡುತ್ತದೆ.

ಇಷ್ಟು ಮಾಡಿದ ಮೇಲೆ ಮೊದಲ ಫ್ಲೋ-ಮಾಡ್ (ಫ್ಲೋ ಹಾಕುವ ಸಂದೇಶ) ಆದಮೇಲೊಮ್ಮೆ, ಎರಡನೆಯದಾದಮೇಲೊಮ್ಮೆ, ಹೀಗೆ ಪ್ರತಿ ಹಂತದಲ್ಲೂ ಆ್ಯಪನ್ನು ಕಿಲ್ -9 ಮಾಡಿ (ಹೇಳದೆ ಕೇಳದೆ ಕೊಂದು) ನೋಡಿ. ನನ್ನದು ನಾಲ್ಕನೆಯದರಲ್ಲಿ ಸಿಕ್ಕಿಬಿದ್ದಿತ್ತು.